ಕೋಪದ ಗಳಿಗೆಯಲ್ಲಿ ನೆನಪಾಗಬೇಕಾದ ಮಾತು

ಒಬ್ಬ ವ್ಯಕ್ತಿ ಪ್ರವಾದಿ ಮುಹಮ್ಮದ್(ಸ)ರ ಬಳಿಗೆ ಬಂದು ತನಗೆ ಉಪದೇಶ ನೀಡಬೇಕೆಂದು ಕೇಳಿಕೊಂಡರು. ಕೋಪಿಸಿಕೊಳ್ಳಬಾರದೆಂದು ಪ್ರವಾದಿವರ್ಯರು(ಸ) ಹೇಳಿದರು. ಬಂದವರಿಗೆ ಅಷ್ಟು ಸಾಲದೆನಿಸಿತೋ ಏನೋ, ಮತ್ತೆ ಕೇಳಿದರು. ಅದೇ ಉತ್ತರ. ಮತ್ತೆ ಮತ್ತೆ ಕೇಳಿದರೂ ಅದೇ ಉತ್ತರ. ಹಝ್ರತ್ ಅಬೂ ಹುರೈರಾ(ರ) ವರದಿ ಮಾಡಿರುವ ಈ ಹದೀಸ್ ಸಹೀಹ್ ಬುಖಾರಿಯಲ್ಲಿದೆ.

ಜುಮಾ ಖುತ್ಬಾದಲ್ಲಿ ಇದನ್ನು ನಾವು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಅರಬಿಯಲ್ಲಿ ಎರಡೇ ಪದಗಳು. ಮದ್ರಸದ ಚಿಕ್ಕ ಮಕ್ಕಳಿಗೂ ಬಾಯಿಪಾಠವಾಗಿರುತ್ತದೆ. ಆದರೆ ಶುಕ್ರವಾರ ಮಧ್ಯಾಹ್ನ ಮಸೀದಿಯಲ್ಲಿ ತಲೆದೂಗಿ ಕೇಳಿದ ಈ ಮಾತು, ಅದೇ ದಿನ ರಾತ್ರಿ ಸಾರಿಗೆ ಉಪ್ಪು ಹೆಚ್ಚಾದಾಗ, ಮಗನ ಕೈಯಿಂದ ಮೊಬೈಲ್ ಬಿದ್ದು ಗಾಜು ಒಡೆದಾಗ, ಬಾಡಿಗೆದಾರ ಮತ್ತೆ ಒಂದು ವಾರದ ವಾಯಿದೆ ಕೇಳಿದಾಗ ಎಲ್ಲಿ ಹೋಗಿರುತ್ತದೆ? ಹಿತವಚನಗಳ ವಿಷಯದಲ್ಲಿ ನಾವು ಯೋಚಿಸಬೇಕಾದ ಪ್ರಶ್ನೆ ಇದು. ಮಾತು ನಮಗೆ ಗೊತ್ತಿಲ್ಲದೆ ಇಲ್ಲ. ಬೇಕಾದ ಗಳಿಗೆಯಲ್ಲಿ ಅದು ಬಂದು ತಲುಪುವುದಿಲ್ಲ.

ಮೊದಲು ಆ ಹದೀಸನ್ನೇ ಸ್ವಲ್ಪ ನೋಡೋಣ. ಕೋಪ ಬರುವುದು ಮನುಷ್ಯ ಸಹಜ. ಬಿಸಿಲಿಗೆ ಬೆವರು ಬಂದಂತೆ ಅದು ಬರುತ್ತದೆ. ಹಾಗಿರುವಾಗ ಕೋಪವೇ ಬೇಡವೆಂದರೆ ಅರ್ಥವೇನು? ಕೋಪವೆಂಬುದು ಸ್ವಭಾವದಲ್ಲೇ ಇರುವುದರಿಂದ ಅದನ್ನು ತರುವ ಕಾರಣಗಳಿಂದ ದೂರವಿರಬೇಕೆಂಬುದೇ ಇಲ್ಲಿನ ತಾತ್ಪರ್ಯವೆಂದು ಇಮಾಮ್ ಖತ್ತಾಬಿ(ರಹ) ವಿವರಿಸಿದ್ದಾರೆ. ಪ್ರಶ್ನೆ ಕೇಳಿದ ವ್ಯಕ್ತಿ ಬಹುಶಃ ಮುಂಗೋಪಿಯಾಗಿದ್ದರು, ಪ್ರವಾದಿವರ್ಯರು(ಸ) ಒಬ್ಬೊಬ್ಬರಿಗೂ ಅವರವರಿಗೆ ಬೇಕಾದುದನ್ನೇ ಹೇಳುತ್ತಿದ್ದರು ಎಂಬ ವಿವರಣೆಯೂ ಇದೆ. ಎರಡನೆಯದು ನಮಗೆ ಬಹಳ ಉಪಯುಕ್ತ. ಏಕೆಂದರೆ ಒಂದು ಮಾತು ಎಷ್ಟು ಸುಂದರವಾಗಿದೆ ಎಂದು ನೋಡುವುದಕ್ಕಿಂತ ಮೊದಲು ಅದು ನನ್ನ ಯಾವ ಹುಣ್ಣಿನ ಮೇಲೆ ಬೆರಳಿಟ್ಟಿದೆ ಎಂದು ನೋಡಬೇಕಾಗುತ್ತದೆ. ಮುಸ್ನದ್ ಅಹ್ಮದ್‌ನ ಒಂದು ವರದಿಯಲ್ಲಿ, ಉಪದೇಶ ಪಡೆದ ವ್ಯಕ್ತಿ ಅದರ ಬಗ್ಗೆ ಯೋಚಿಸಿ ನೋಡಿದಾಗ ಕೆಡುಕೆಲ್ಲವೂ ಕೋಪದಲ್ಲೇ ಸೇರಿಕೊಂಡಿರುವುದು ತಮಗೆ ತಿಳಿಯಿತೆಂದು ಹೇಳಿದ್ದು ಬಂದಿದೆ. ಅವರು ಕೇಳಿಕೊಂಡು ಹೋಗಿ ಸುಮ್ಮನಾಗಲಿಲ್ಲ, ಕುಳಿತು ಯೋಚಿಸಿದರು.

ಕಡಿಮೆ ಪದಗಳಲ್ಲಿ ತುಂಬು ಅರ್ಥವನ್ನು ಹೇಳುವ ಸಾಮರ್ಥ್ಯವನ್ನು ಅಲ್ಲಾಹನು ತನ್ನ ಪ್ರವಾದಿ(ಸ)ಯವರಿಗೆ ವಿಶೇಷವಾಗಿ ದಯಪಾಲಿಸಿದ್ದನು. ನಮ್ಮ ಹಿರಿಯ ವಿದ್ವಾಂಸರು ಇದರ ಬೆಲೆ ಅರಿತಿದ್ದರು. ಹಿಜರಿ 275ರಲ್ಲಿ (ಕ್ರಿ.ಶ. 889) ಬಸ್ರಾದಲ್ಲಿ ನಿಧನರಾದ ಇಮಾಮ್ ಅಬೂ ದಾವೂದ್(ರಹ) ತಾವು ಬರೆದುಕೊಂಡಿದ್ದ 5 ಲಕ್ಷ ವರದಿಗಳಿಂದ ಸುಮಾರು 4,800ನ್ನು ಆರಿಸಿ ತಮ್ಮ ಸುನನ್ ಗ್ರಂಥದಲ್ಲಿ ಸೇರಿಸಿದರು. ಆ ಮೇಲೆ, ಒಬ್ಬ ಮನುಷ್ಯನ ಧಾರ್ಮಿಕ ಬದುಕಿಗೆ ಅವುಗಳಲ್ಲಿ ನಾಲ್ಕು ಸಾಕೆಂದು ಹೇಳಿದರು. ಕರ್ಮಗಳು ಉದ್ದೇಶವನ್ನು ಅವಲಂಬಿಸಿವೆ ಎಂಬುದು ಒಂದು. ತನಗೆ ಸಂಬಂಧವಿಲ್ಲದ್ದನ್ನು ಬಿಟ್ಟುಬಿಡುವುದು ಇನ್ನೊಂದು. ತನಗೆ ಇಷ್ಟಪಡುವುದನ್ನು ತನ್ನ ಸಹೋದರನಿಗೂ ಇಷ್ಟಪಡುವುದು ಮತ್ತೊಂದು. ಹಲಾಲ್ ಮತ್ತು ಹರಾಮ್ ಸ್ಪಷ್ಟವಾಗಿದ್ದು ನಡುವಿನ ಸಂಶಯಾಸ್ಪದ ವಿಷಯಗಳಿಂದ ದೂರವಿರಬೇಕೆಂಬುದು ನಾಲ್ಕನೆಯದು. ಇಷ್ಟು ದೊಡ್ಡ ವಿದ್ವಾಂಸರು ಲಕ್ಷಗಟ್ಟಲೆ ವರದಿಗಳನ್ನು ಕಂಡ ಮೇಲೆ ನಾಲ್ಕೇ ಬೆರಳು ಮಡಿಸಿದರು. ನಾವು ದಿನಕ್ಕೆ ನಲವತ್ತನ್ನು ಫಾರ್ವರ್ಡ್ ಮಾಡುತ್ತೇವೆ.

ಫಾರ್ವರ್ಡ್‌ನ ಮಾತು ಬಂದದ್ದರಿಂದ ಹೇಳಲೇಬೇಕು. ಬೆಳಿಗ್ಗೆ ಎದ್ದರೆ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಗುಲಾಬಿ ಹೂವಿನ ಚಿತ್ರ, ಅದರ ಮೇಲೆ ಒಂದು ಹಿತವಚನ, ಕೆಳಗೆ ಪ್ರವಾದಿ(ಸ)ಯವರದ್ದೋ ಹಝ್ರತ್ ಅಲೀ(ರ)ಯವರದ್ದೋ ಹೆಸರು. ಗ್ರಂಥದ ಹೆಸರಿಲ್ಲ, ವರದಿಗಾರರ ಹೆಸರಿಲ್ಲ. ಚೀನಾಕ್ಕೆ ಹೋಗಿಯಾದರೂ ಜ್ಞಾನ ಪಡೆಯಬೇಕೆಂಬ ಮಾತನ್ನೇ ನೋಡಿ. ವೇದಿಕೆಗಳಲ್ಲಿ, ಶಾಲೆಯ ಗೋಡೆಗಳಲ್ಲಿ ಅದು ಹದೀಸೆಂದು ರಾರಾಜಿಸುತ್ತದೆ. ಹದೀಸ್ ತಜ್ಞರು ಅದನ್ನು ಅತ್ಯಂತ ದುರ್ಬಲವೆಂದಿದ್ದಾರೆ, ಇಬ್ನುಲ್ ಜೌಝೀ(ರಹ) ಕಟ್ಟಿ ಹೇಳಿದ ವರದಿಗಳ ಸಾಲಿನಲ್ಲೇ ಸೇರಿಸಿದ್ದಾರೆ. ಜ್ಞಾನಾರ್ಜನೆ ಮುಸ್ಲಿಮರ ಕಡ್ಡಾಯ ಕರ್ತವ್ಯವೆಂಬುದಕ್ಕೆ ಬೇರೆ ಆಧಾರಗಳಿವೆ. ಮಾತು ಒಳ್ಳೆಯದೇ ಆಗಿದ್ದರೂ ಪ್ರವಾದಿ(ಸ) ಹೇಳದ್ದನ್ನು ಅವರ ಹೆಸರಿಗೆ ಹಚ್ಚುವುದು ಸಣ್ಣ ವಿಷಯವಲ್ಲ. ಬೇಕೆಂದೇ ಹಾಗೆ ಮಾಡುವವನಿಗೆ ನರಕದ ಎಚ್ಚರಿಕೆ ಇದೆ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನು ಸುಳ್ಳುಗಾರನಾಗಲು ಸಾಕೆಂಬ ಎಚ್ಚರಿಕೆಯೂ ಸಹೀಹ್ ಮುಸ್ಲಿಮ್‌ನಲ್ಲಿದೆ. ಗೊತ್ತಿಲ್ಲದಿದ್ದರೆ ಮಸೀದಿಯ ಖತೀಬರನ್ನೋ ಮದ್ರಸದ ಉಸ್ತಾದರನ್ನೋ ಒಂದು ಮಾತು ಕೇಳಬಹುದು. ಅವರಿಗೆ ಅದು ಸಂತೋಷದ ಕೆಲಸವೇ.

ಇನ್ನು ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಗೊತ್ತಿರುವ ಮಾತು ಕೋಪದ ಗಳಿಗೆಯಲ್ಲಿ ಹೇಗೆ ಕೈಗೆ ಸಿಗುತ್ತದೆ? ಇದಕ್ಕೆ ಸಹಾಬಿಗಳ ಬದುಕೇ ಉತ್ತರ.

ಹಝ್ರತ್ ಅಬೂ ದರ್ರ್(ರ) ತಮ್ಮದೊಂದು ನೀರಿನ ತೊಟ್ಟಿಯ ಬಳಿ ಜಾನುವಾರುಗಳಿಗೆ ನೀರು ಕುಡಿಸುತ್ತಿದ್ದರು. ಅಲ್ಲಿಗೆ ಬಂದ ಕೆಲವರಲ್ಲಿ ಒಬ್ಬನು ಅವರನ್ನು ಕೆಣಕಲೆಂದೇ ತನ್ನ ಪ್ರಾಣಿಗಳನ್ನು ಆ ತೊಟ್ಟಿಗೆ ನುಗ್ಗಿಸಿ ಅದನ್ನು ಒಡೆದುಬಿಟ್ಟನು. ಮರಳುನಾಡಿನಲ್ಲಿ ನೀರಿನ ತೊಟ್ಟಿ ಒಡೆಯುವುದೆಂದರೆ ಏನೆಂದು ಬೇಸಗೆಯಲ್ಲಿ ಟ್ಯಾಂಕರಿಗೆ ಕಾಯುವ ನಮಗೆ ಹೇಳಬೇಕಾಗಿಲ್ಲ. ನಿಂತಿದ್ದ ಅಬೂ ದರ್ರ್(ರ) ಕುಳಿತರು. ಅನಂತರ ಮಲಗಿಬಿಟ್ಟರು. ನೋಡಿದವರಿಗೆ ಆಶ್ಚರ್ಯ. ಇದೇಕೆ ಹೀಗೆ ಎಂದು ಕೇಳಿದಾಗ ಅವರು ಕಾರಣ ಹೇಳಿದರು: ಕೋಪ ಬಂದಾಗ ನಿಂತಿರುವವನು ಕುಳಿತುಕೊಳ್ಳಬೇಕು, ಅದರಿಂದಲೂ ಕೋಪ ಇಳಿಯದಿದ್ದರೆ ಮಲಗಬೇಕು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದರು. ಮುಸ್ನದ್ ಅಹ್ಮದ್‌ನಲ್ಲಿ ಬಂದಿರುವ ಈ ಘಟನೆಯಲ್ಲಿ ಗಮನಿಸಬೇಕಾದುದು ಒಂದಿದೆ. ಅಬೂ ದರ್ರ್(ರ) ಆ ಮಾತನ್ನು ಯಾರಿಗೂ ಉಪದೇಶಿಸಲು ಹೋಗಲಿಲ್ಲ. ತೊಟ್ಟಿ ಒಡೆದವನಿಗೂ ಹೇಳಲಿಲ್ಲ. ಮಾತು ಅವರ ಮೈಯಲ್ಲೇ ಇಳಿದಿತ್ತು, ಮೊಣಕಾಲು ತಾನಾಗಿ ಮಡಚಿತು. ಜನರು ಕೇಳಿದ ಮೇಲಷ್ಟೇ ಹದೀಸ್ ಹೊರಗೆ ಬಂತು. ನಮ್ಮಲ್ಲಿ ಹೆಚ್ಚಾಗಿ ಇದು ತಿರುಗುಮುರುಗಾಗಿರುತ್ತದೆ.

ಹಝ್ರತ್ ಉಮರ್(ರ)ರ ಪ್ರಸಂಗ ಇನ್ನೊಂದು ರೀತಿಯದು. ಅವರು ಖಲೀಫರಾಗಿದ್ದಾಗ ಉಯೈನಾ ಬಿನ್ ಹಿಸ್ನ್ ಎಂಬ ಗೋತ್ರ ಮುಖಂಡ ಅವರ ಬಳಿಗೆ ಬಂದು, ನೀವು ನಮಗೆ ಧಾರಾಳವಾಗಿ ಕೊಡುವುದಿಲ್ಲ, ನ್ಯಾಯದಿಂದ ತೀರ್ಪು ನೀಡುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಮಾತನಾಡಿದರು. ಉಮರ್(ರ)ರಿಗೆ ನ್ಯಾಯವಿಲ್ಲವೆಂದು ಹೇಳುವುದೇ? ಅವರಿಗೆ ಸಿಟ್ಟು ಬಂತು, ಇನ್ನೇನು ದಂಡಿಸಿಯೇ ಬಿಡುತ್ತಾರೆಂಬಂತಾಯಿತು. ಆಗ ಉಯೈನಾರ ಅಣ್ಣನ ಅಥವಾ ತಮ್ಮನ ಮಗ ಹುರ್ರ್ ಬಿನ್ ಕೈಸ್ ಎದ್ದು, ಕ್ಷಮೆಯ ನೀತಿಯನ್ನು ಕೈಗೊಳ್ಳಬೇಕು, ಒಳಿತನ್ನು ಆದೇಶಿಸಬೇಕು, ಅವಿವೇಕಿಗಳೊಂದಿಗೆ ತೊಡಗಿಕೊಳ್ಳಬಾರದು ಎಂಬ ಅರ್ಥದ ಅಲ್‌ಅಅ್‌ರಾಫ್ ಅಧ್ಯಾಯದ 199ನೆಯ ಸೂಕ್ತವನ್ನು ಓದಿ, ಈತ ಅಂತಹ ಅವಿವೇಕಿಗಳಲ್ಲಿ ಒಬ್ಬರು ಎಂದರು. ಸೂಕ್ತ ಕೇಳಿದ ಮೇಲೆ ಉಮರ್(ರ) ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲವೆಂದು ಬುಖಾರಿಯ ವರದಿ ಹೇಳುತ್ತದೆ.

ಇಲ್ಲಿ ಮಾತು ತಾನಾಗಿ ನೆನಪಾಗಲಿಲ್ಲ, ಪಕ್ಕದಲ್ಲಿದ್ದವರು ನೆನಪಿಸಿದರು. ಉಮರ್(ರ)ರ ಸಭೆಯಲ್ಲಿ ಕುರ್‌ಆನ್ ಬಲ್ಲವರಿಗೆ ಸ್ಥಾನವಿತ್ತು, ಅವರು ವಯಸ್ಸಾದವರೇ ಇರಲಿ ಯುವಕರೇ ಇರಲಿ. ಖಲೀಫರ ಸಿಟ್ಟಿನ ನಡುವೆ ಎದ್ದು ಮಾತನಾಡಲು ಹುರ್ರ್‌ಗೆ ಧೈರ್ಯ ಬಂದದ್ದು ಆ ವಾತಾವರಣದಿಂದ. ನಮ್ಮ ಮನೆಗಳ ಸ್ಥಿತಿ ಏನು? ಅಬ್ಬ ಸಿಟ್ಟಿನಲ್ಲಿ ಕೂಗಾಡುವಾಗ ಹತ್ತು ವರ್ಷದ ಮಗಳು ಬಂದು, ಅಬ್ಬಾ, ಸ್ವಲ್ಪ ಕುಳಿತುಕೊಳ್ಳಿ ಎಂದು ಹೇಳಬಹುದೇ? ಹೇಳಿದರೆ, ದೊಡ್ಡವರಿಗೆ ಎದುರು ಮಾತಾಡುತ್ತೀಯಾ ಎಂದು ಅವಳಿಗೂ ಒಂದು ಬೀಳುತ್ತದೆಯೇ? ಹೆಂಡತಿ ಹೇಳಬಹುದೇ? ಅಂಗಡಿಯಲ್ಲಿ ಕೆಲಸದ ಹುಡುಗ? ಈ ಅನುಮತಿಯನ್ನು ತಣ್ಣಗಿರುವಾಗಲೇ ಕೊಟ್ಟಿರಬೇಕಾಗುತ್ತದೆ. ಸಿಟ್ಟು ಬಂದ ಮೇಲೆ ಯಾರೂ ಕೊಡುವುದಿಲ್ಲ. ಪ್ರವಾದಿವರ್ಯರ(ಸ) ಸನ್ನಿಧಿಯಲ್ಲೇ ಇಬ್ಬರು ಬೈದಾಡಿಕೊಂಡಾಗ ಒಬ್ಬನ ಮುಖ ಕೆಂಪಡರಿತ್ತು. ಶೈತಾನನಿಂದ ಅಲ್ಲಾಹನ ಅಭಯ ಬೇಡಿದರೆ ಅವನ ಕೋಪ ಇಳಿಯುವುದೆಂದು ಪ್ರವಾದಿ(ಸ) ಹೇಳಿದರು. ಅದನ್ನು ಅವನಿಗೆ ತಿಳಿಸಿದಾಗ ಅವನು, ನನಗೇನು ಹುಚ್ಚೇ ಎಂದು ಕೇಳಿದನು! ಸಿಟ್ಟಿನಲ್ಲಿರುವವನ ಕಿವಿ ಅಷ್ಟು ಮಂದವಾಗಿರುತ್ತದೆ.

ಮೂರನೆಯ ಘಟನೆಯನ್ನು ಹಝ್ರತ್ ಅಬೂ ಮಸ್ಊದ್(ರ) ತಾವೇ ಹೇಳಿಕೊಂಡಿದ್ದಾರೆ. ಅವರು ತಮ್ಮ ಗುಲಾಮನನ್ನು ಚಾಟಿಯಿಂದ ಹೊಡೆಯುತ್ತಿದ್ದರು. ಹಿಂದಿನಿಂದ ಯಾರೋ ಹೆಸರು ಹಿಡಿದು ಎಚ್ಚರಿಸುತ್ತಿದ್ದರು. ಕೋಪದ ಭರದಲ್ಲಿ ಆ ಧ್ವನಿ ಯಾರದ್ದೆಂದು ತಿಳಿಯಲಿಲ್ಲ. ಹತ್ತಿರ ಬಂದಾಗ ನೋಡಿದರೆ ಅಲ್ಲಾಹನ ಸಂದೇಶವಾಹಕರು(ಸ). ಈ ಗುಲಾಮನ ಮೇಲೆ ನಿನಗಿರುವ ಶಕ್ತಿಗಿಂತ ಹೆಚ್ಚಿನ ಶಕ್ತಿ ನಿನ್ನ ಮೇಲೆ ಅಲ್ಲಾಹನಿಗಿದೆ ಎಂಬುದನ್ನು ತಿಳಿದಿರಬೇಕೆಂದು ಅವರು ಹೇಳುತ್ತಿದ್ದರು. ಅಬೂ ಮಸ್ಊದ್(ರ) ಕೈಯಿಂದ ಚಾಟಿ ಜಾರಿತು. ಆ ಗುಲಾಮನನ್ನು ಅವರು ಬಿಡುಗಡೆ ಮಾಡಿದರು. ಸಹೀಹ್ ಮುಸ್ಲಿಮ್‌ನಲ್ಲಿ ಇದು ದಾಖಲಾಗಿದೆ.

ನಮ್ಮ ಕೋಪದ ಗುಟ್ಟು ಈ ಒಂದು ಮಾತಿನಲ್ಲಿ ಬಯಲಾಗುತ್ತದೆ. ಮೇಲಧಿಕಾರಿ ಬೈದಾಗ ನಮಗೆ ಕೋಪ ತಡೆಯಲು ಬರುತ್ತದೆ. ಪೊಲೀಸರ ಮುಂದೆ ಬರುತ್ತದೆ. ಸಾಲ ಕೊಟ್ಟವನ ಮುಂದೆ ನಗುವುದಕ್ಕೂ ಬರುತ್ತದೆ. ಮನೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ ತಡೆಯಲಾಗದ ಕೋಪ ಬರುವುದಾದರೆ, ಅದು ತಡೆಯಲಾಗದ್ದಲ್ಲ, ಎದುರಿಗಿರುವವರು ನಮಗಿಂತ ದುರ್ಬಲರು, ಅಷ್ಟೇ. ಕುಸ್ತಿಯಲ್ಲಿ ಕೆಡಹುವವನಿಗಿಂತ ಕೋಪ ಬಂದಾಗ ತನ್ನನ್ನು ಹಿಡಿದಿಟ್ಟುಕೊಳ್ಳುವವನೇ ಬಲಶಾಲಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ಇದರ ಜೊತೆಗಿಟ್ಟು ಓದಬೇಕು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮ ಕನ್ನಡದ ಅಜ್ಜಿಯರು ಕೇಳುತ್ತಾರೆ. ಬಾಯಿಂದ ಹೊರಟ ತಲಾಕ್‌ನ ಮಾತನ್ನು ಹಿಡಿದುಕೊಂಡು ಮರುದಿನ ಬೆಳಿಗ್ಗೆ ಮೌಲವಿಗಳ ಮನೆ ಬಾಗಿಲಿಗೆ ಓಡುವವರು, ಆಸ್ತಿಯ ಜಗಳದಲ್ಲಿ ಅಂದ ಒಂದು ಮಾತಿಗಾಗಿ ಹಬ್ಬದ ದಿನವೂ ಅಣ್ಣನ ಮನೆಯ ಮೆಟ್ಟಿಲು ಹತ್ತದವರು ಪ್ರತಿ ಜಮಾಅತ್‌ನಲ್ಲೂ ಇದ್ದಾರೆ. ಅವರಲ್ಲಿ ಯಾರಿಗೂ ಈ ಹದೀಸ್ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ.

ಹಾಗಾದರೆ ಮಾಡಬೇಕಾದುದೇನು? ಹೆಚ್ಚೇನಿಲ್ಲ. ಹಿಜರಿ 676ರಲ್ಲಿ (ಕ್ರಿ.ಶ. 1277) ನಿಧನರಾದ ಸಿರಿಯಾದ ಇಮಾಮ್ ನವವೀ(ರಹ) ಇಂತಹ ಸಂಕ್ಷಿಪ್ತ ಹದೀಸ್‌ಗಳನ್ನೇ ಒಂದು ಪುಟ್ಟ ಗ್ರಂಥವಾಗಿ ಸಂಗ್ರಹಿಸಿದ್ದಾರೆ. ನಲವತ್ತು ಹದೀಸ್‌ಗಳೆಂದು ಹೆಸರು, ಇರುವುದು 42. ಕೋಪದ ಹದೀಸ್ ಅದರಲ್ಲಿ 16ನೆಯದು. ರಾತ್ರಿ ಊಟದ ನಂತರ ಮನೆಮಂದಿ ಒಟ್ಟಿಗೆ ಕುಳಿತು ಅದರಿಂದ ಒಂದನ್ನು ಓದಬಹುದು. ಓದಿದ ಮೇಲೆ ಮುಂದಿನದಕ್ಕೆ ಅವಸರಪಡಬಾರದು. ಒಂದು ತಿಂಗಳು ಅದನ್ನೇ ಇಟ್ಟುಕೊಳ್ಳಬೇಕು. ಇವತ್ತು ಅದು ಎಲ್ಲಿ ನೆನಪಾಯಿತು, ಎಲ್ಲಿ ಮರೆತುಹೋಯಿತು ಎಂದು ಮಕ್ಕಳನ್ನು ಕೇಳುವ ಮೊದಲು ದೊಡ್ಡವರೇ ಹೇಳಿದರೆ ಮಕ್ಕಳು ತಾವಾಗಿ ಬಾಯಿ ಬಿಡುತ್ತಾರೆ. ಸಿಟ್ಟು ಬಂದರೆ ಕುಳಿತುಕೊಳ್ಳುವುದು ಎಂಬ ಒಂದೇ ನಿಯಮವನ್ನು ಮನೆಯವರೆಲ್ಲ ಒಪ್ಪಿಕೊಂಡರೂ ಆ ತಿಂಗಳಿಗೆ ಅದು ಸಣ್ಣದಲ್ಲ. ಚಿಕ್ಕ ಮಕ್ಕಳಿಗೆ ಇದು ಆಟದಂತೆ ಕಾಣುತ್ತದೆ, ಅವರೇ ದೊಡ್ಡವರಿಗೆ ಕುರ್ಚಿ ತಂದಿಡುತ್ತಾರೆ.

ಮನೆಯೊಳಗೆ ಪಾತ್ರೆ ಒಡೆಯುವುದು ನಿನ್ನೆ ಮೊನ್ನೆಯ ಕಥೆಯೂ ಅಲ್ಲ. ಪ್ರವಾದಿವರ್ಯರು(ಸ) ಒಮ್ಮೆ ತಮ್ಮ ಪತ್ನಿಯೊಬ್ಬರ ಮನೆಯಲ್ಲಿದ್ದರು. ಜೊತೆಗೆ ಬೇರೆಯವರೂ ಇದ್ದರು. ಆಗ ಇನ್ನೊಬ್ಬ ಪತ್ನಿ ಸೇವಕರ ಕೈಯಲ್ಲಿ ಒಂದು ತಟ್ಟೆ ಆಹಾರ ಕಳುಹಿಸಿದರು. ಮನೆಯಲ್ಲಿದ್ದ ಪತ್ನಿ ಸೇವಕರ ಕೈಗೆ ಹೊಡೆದರು, ತಟ್ಟೆ ಬಿದ್ದು ಒಡೆಯಿತು. ಬಂದವರೆದುರು ಹೀಗಾದರೆ ನಮ್ಮಲ್ಲಿ ಆ ರಾತ್ರಿ ಏನು ನಡೆಯುತ್ತಿತ್ತೆಂದು ಊಹಿಸಬಹುದು. ಪ್ರವಾದಿವರ್ಯರು(ಸ) ಒಡೆದ ಚೂರುಗಳನ್ನು ಕೂಡಿಸಿದರು, ಚೆಲ್ಲಿದ ಆಹಾರವನ್ನು ಅದರಲ್ಲಿ ಒಟ್ಟುಗೂಡಿಸಿದರು. ಪ್ರವಾದಿ ಪತ್ನಿಯರು ಸತ್ಯವಿಶ್ವಾಸಿಗಳಿಗೆ ತಾಯಂದಿರು, ಆದ್ದರಿಂದ ಅಲ್ಲಿದ್ದವರಿಗೆ, ನಿಮ್ಮ ತಾಯಿಗೆ ಮತ್ಸರ ಬಂತು ಎಂಬಷ್ಟನ್ನೇ ಹೇಳಿದರು. ಬೈಗುಳವಿಲ್ಲ, ವಿವರಣೆಯಿಲ್ಲ. ಸೇವಕರನ್ನು ನಿಲ್ಲಿಸಿಕೊಂಡು ಆ ಮನೆಯದೇ ಒಂದು ಒಡೆಯದ ತಟ್ಟೆಯನ್ನು ತರಿಸಿ, ತಟ್ಟೆ ಕಳೆದುಕೊಂಡವರಿಗೆ ಕೊಟ್ಟು ಕಳುಹಿಸಿದರು. ಒಡೆದದ್ದನ್ನು ಒಡೆದವರ ಮನೆಯಲ್ಲೇ ಇರಿಸಿಕೊಂಡರು.