ಲೂಕನ ಮೂವರು ಸಾಹುಕಾರರು

ಲೂಕನ ಸುವಾರ್ತೆಯನ್ನು ಬಿಡಿಬಿಡಿಯಾಗಿ ಕೇಳಿದವರೇ ಹೆಚ್ಚು. ಭಾನುವಾರಕ್ಕೊಂದು ಕಥೆ, ಅದರ ಮೇಲೊಂದು ಪ್ರಸಂಗ, ಅಲ್ಲಿಗೆ ಮುಗೀತು. ಆದರೆ 16, 18 ಮತ್ತು 19ನೇ ಅಧ್ಯಾಯಗಳನ್ನು ಒಂದೇ ಸಲ ಕೂತು ಓದಿದರೆ ಬೇರೇನೋ ಕಾಣುತ್ತೆ. ಮೂರರಲ್ಲೂ ಒಬ್ಬೊಬ್ಬ ಸಾಹುಕಾರ ಇದ್ದಾನೆ. ಕ್ರೈಸ್ತರಲ್ಲದ ಗೆಳೆಯರಿಗೂ ಈ ಮೂವರ ಪರಿಚಯ ಇರಲಿ ಅಂತ ಬರೀತಿದ್ದೇನೆ.

ಮೊದಲನೆಯವನು ಯೇಸು ಹೇಳಿದ ದೃಷ್ಟಾಂತದಲ್ಲಿ ಬರುತ್ತಾನೆ. ಒಳ್ಳೆ ಬಟ್ಟೆ, ದಿನಾ ಹಬ್ಬದೂಟ. ಅವನ ಬಾಗಿಲಲ್ಲಿ ಮೈತುಂಬ ಹುಣ್ಣಾದ ಲಾಜರ ಬಿದ್ದಿದ್ದಾನೆ. ಯೇಸುವಿನ ದೃಷ್ಟಾಂತಗಳಲ್ಲಿ ಪಾತ್ರಗಳಿಗೆ ಸಾಮಾನ್ಯವಾಗಿ ಹೆಸರೇ ಇರಲ್ಲ. ಇಲ್ಲಿ ಭಿಕ್ಷುಕನಿಗೆ ಹೆಸರಿದೆ, ಸಾಹುಕಾರನಿಗಿಲ್ಲ. ಅವನು ಲಾಜರನನ್ನು ಹೊಡೆಯಲಿಲ್ಲ, ಬೈಯಲಿಲ್ಲ, ಓಡಿಸಲೂ ಇಲ್ಲ. ಸತ್ತು ಪಾತಾಳದಲ್ಲಿ ಯಾತನೆಪಡುವಾಗ ಕಣ್ಣೆತ್ತಿ ನೋಡಿದರೆ ದೂರದಲ್ಲಿ ಅಬ್ರಹಾಮನ ಪಕ್ಕ ಅದೇ ಲಾಜರ. ಅವನು ಬೆರಳ ತುದಿಯನ್ನು ನೀರಿನಲ್ಲಿ ಅದ್ದಿ ತಂದು ನಾಲಿಗೆ ತಣ್ಣಗೆ ಮಾಡಲಿ, ಕಳಿಸು ಅಂತ ಅಬ್ರಹಾಮನನ್ನು ಕೇಳುತ್ತಾನೆ. ಹೆಸರು ಹಿಡಿದೇ ಕೇಳುತ್ತಾನೆ! ಅಂದರೆ ಹೆಸರು ಮೊದಲೇ ಗೊತ್ತಿತ್ತು. ಸಾಲದ್ದಕ್ಕೆ, ನನ್ನ ಐವರು ಅಣ್ಣತಮ್ಮಂದಿರನ್ನು ಎಚ್ಚರಿಸೋಕೂ ಅವನನ್ನೇ ಕಳಿಸು ಅಂತಾನೆ. ಅಲ್ಲಿ ಹೋದಮೇಲೂ ಲಾಜರ ಅವನ ಕಣ್ಣಿಗೆ ಕೆಲಸ ಹೇಳಬಹುದಾದ ಒಬ್ಬ ಆಳು, ಅಷ್ಟೆ.

ಇದನ್ನು ಓದಿದಾಗಲೆಲ್ಲ ನಮ್ಮ ಕಾಲದ ಗೇಟುಗಳು ನೆನಪಾಗುತ್ತವೆ. ಊಟ ತರುವವರ ಹೆಸರು ಆ್ಯಪ್‌ನಲ್ಲೇ ಬರುತ್ತೆ. ಅವರ ಬೈಕು ಯಾವ ಸಿಗ್ನಲ್ಲಿನಲ್ಲಿ ನಿಂತಿದೆ ಅಂತ ಮ್ಯಾಪಿನಲ್ಲಿ ಕಾಣುತ್ತೆ. ಮಳೆಯಲ್ಲಿ ನೆನೀತಿದ್ದಾರಾ ಅನ್ನೋದು ಕಾಣಲ್ಲ. ಹೆಸರು ಗೊತ್ತಿರೋದು ಬೇರೆ, ನೋಡೋದು ಬೇರೆ.

ನಮ್ಮ ಬೈಬಲ್ಲಿನಲ್ಲಿ ‘ಕನಿಕರ’ ಅಂತ ಓದುತ್ತೇವಲ್ಲ, ಅದರ ಮೂಲದ ಗ್ರೀಕ್ ಕ್ರಿಯಾಪದವೊಂದು ಹುಟ್ಟಿದ್ದು ಕರುಳು ಅನ್ನುವ ಅರ್ಥದ ಪದದಿಂದ. ಕನ್ನಡದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ‘ಕರುಳು ಚುರ್ ಅಂತು’ ಅಂತ ನಮ್ಮಜ್ಜಿಯರು ಹೇಳ್ತಾನೇ ಇದ್ದರು. ಲೂಕ ಈ ಪದವನ್ನು ಮೂರೇ ಕಡೆ ಬಳಸಿದ್ದಾನೆ: ಒಬ್ಬನೇ ಮಗನನ್ನು ಕಳಕೊಂಡ ನಾಯಿನೆಂಬ ಊರಿನ ವಿಧವೆಯ ಕಥೆಯಲ್ಲಿ, ಒಳ್ಳೆಯ ಸಮಾರ್ಯದವನ ಕಥೆಯಲ್ಲಿ, ಮನೆಬಿಟ್ಟು ಹೋಗಿ ವಾಪಸ್ ಬಂದ ಮಗನ ಕಥೆಯಲ್ಲಿ. ಮೂರರಲ್ಲೂ ಮೊದಲು ನೋಡೋದು, ಆಮೇಲೆ ಕರುಳು ಕರಗೋದು. ನಮ್ಮ ಸಾಹುಕಾರನೂ ನೋಡಿದ, ಸತ್ತಮೇಲೆ.

ಎರಡನೆಯವನು ಒಳ್ಳೆಯವನು. ಒಬ್ಬ ಅಧಿಕಾರಿ. ನಿತ್ಯಜೀವ ಸಿಗಬೇಕಾದರೆ ಏನು ಮಾಡಲಿ ಅಂತ ತಾನಾಗಿಯೇ ಬಂದು ಕೇಳುತ್ತಾನೆ. ಈ ಪ್ರಶ್ನೆ ಮುದುಕರದ್ದು ಅಂದುಕೊಂಡಿದ್ದೆವು. ಕಳೆದ ವರ್ಷ ನಮ್ಮ ಟೀಮಿನ ಹಿರಿಯರೊಬ್ಬರು ನಲವತ್ತು ದಾಟುವ ಮುಂಚೆಯೇ ಹೃದಯಾಘಾತದಿಂದ ಹೋಗಿಬಿಟ್ಟರು. ಅವರು ಇಟ್ಟಿದ್ದ ಸೋಮವಾರದ ಮೀಟಿಂಗ್ ಆಮೇಲೂ ಎಷ್ಟೋ ವಾರ ಎಲ್ಲರ ಕ್ಯಾಲೆಂಡರಿನಲ್ಲಿ ಬರ್ತಾನೇ ಇತ್ತು. ಅಳಿಸೋಕೆ ಯಾರಿಗೂ ಕೈ ಬರಲಿಲ್ಲ.

ಅಧಿಕಾರಿ ಆಜ್ಞೆಗಳನ್ನೆಲ್ಲ ಚಿಕ್ಕಂದಿನಿಂದ ಪಾಲಿಸಿದವನು. ಇದ್ದದ್ದೆಲ್ಲ ಮಾರಿ ಬಡವರಿಗೆ ಹಂಚು, ಆಮೇಲೆ ನನ್ನ ಹಿಂದೆ ಬಾ ಅಂದಾಗ ಮಾತ್ರ ಬಹಳ ದುಃಖಪಟ್ಟ. ಹೊರಟುಹೋದ ಅಂತ ಮತ್ತಾಯ, ಮಾರ್ಕ ಹೇಳುತ್ತಾರೆ, ಲೂಕ ಅವನನ್ನು ಆ ದುಃಖದಲ್ಲೇ ಬಿಟ್ಟುಬಿಡುತ್ತಾನೆ. ಆ ದುಃಖ ನಾಟಕವಲ್ಲ. ಆದರೆ ಅದರಿಂದ ಯಾವ ಬಡವನಿಗೂ ಒಂದು ಹೊತ್ತಿನ ಊಟ ಸಿಗಲಿಲ್ಲ. ಪಶ್ಚಾತ್ತಾಪ ಅಂದರೆ ಬೇಜಾರು ಮಾಡಿಕೊಳ್ಳೋದು ಅಂತ ನಾವು ತಿಳಿದಿದ್ದೇವೆ. ಹಳೆ ಒಡಂಬಡಿಕೆಯ ಹೀಬ್ರೂ ಮಾತಿಗೆ ‘ತಿರುಗಿ ಬರೋದು’ ಅಂತ ಅರ್ಥ. ಕಾಲು ಎತ್ತಿಡಬೇಕಾದ ಕೆಲಸ ಅದು.

ಮೂರನೆಯವನು ಜಕ್ಕಾಯ, ಜೆರಿಕೋದ ಸುಂಕದವರ ಮುಖ್ಯಸ್ಥ. ರೋಮನ್ನರ ಕೆಳಗೆ ಸುಂಕ ವಸೂಲಿ ಗುತ್ತಿಗೆಯ ವ್ಯವಹಾರವಾಗಿತ್ತು. ಹೆಚ್ಚಿಗೆ ಕಿತ್ತಷ್ಟೂ ಲಾಭ. ಊರವರು ಅವನನ್ನು ಯಾಕೆ ಪಾಪಿ ಅನ್ನುತ್ತಿದ್ದರು ಅಂತ ಬೇರೆ ಹೇಳಬೇಕಿಲ್ಲ. ಗಿಡ್ಡ ಆಸಾಮಿ, ಯೇಸುವನ್ನು ನೋಡೋಕೆ ನಮ್ಮ ಅತ್ತಿಯ ಜಾತಿಗೇ ಸೇರಿದ ಮರವೊಂದನ್ನು ಹತ್ತಿದ. ಈ ದಿನ ನಿನ್ನ ಮನೆಯಲ್ಲೇ ಇರಬೇಕು, ಇಳಿ ಅಂದರು ಯೇಸು. ಅವನು ಅತ್ತ ಅಂತ ಲೂಕ ಎಲ್ಲೂ ಬರೆದಿಲ್ಲ. ಸಂತೋಷದಿಂದ ಮನೆಗೆ ಕರಕೊಂಡು ಹೋದ ಅಂತಲೇ ಬರೆದಿದ್ದಾನೆ. ಆಮೇಲೆ ಎದ್ದು ನಿಂತು ಆಸ್ತಿಯಲ್ಲಿ ಅರ್ಧ ಬಡವರಿಗೆ, ಯಾರಿಂದಲಾದರೂ ಮೋಸದಿಂದ ತಗೊಂಡಿದ್ದರೆ ನಾಲ್ಕರಷ್ಟು ವಾಪಸ್ ಅಂದ.

ಮೋಶೆಯ ಧರ್ಮಶಾಸ್ತ್ರದ ಪ್ರಕಾರ ತಪ್ಪೊಪ್ಪಿಕೊಂಡವನು ಅಸಲಿನ ಮೇಲೆ ಐದರಲ್ಲೊಂದು ಪಾಲು ಸೇರಿಸಿ ಕೊಟ್ಟರೆ ಸಾಕಿತ್ತು. ನಾಲ್ಕರಷ್ಟು ಅನ್ನೋದು ಕುರಿ ಕದ್ದು ಕೊಯ್ದವನಿಗೆ, ಮಾರಿದವನಿಗೆ ಹೇಳಿದ್ದ ದಂಡ. ಜಕ್ಕಾಯ ಆ ದೊಡ್ಡ ದಂಡವನ್ನು ತಾನೇ ತನಗೆ ಹಾಕಿಕೊಂಡ. ನಾನೊಂದು ಲೆಕ್ಕ ಹಾಕಿದೆ, ಹಾಳು ಅಭ್ಯಾಸ. ಅವನ ಹತ್ತಿರ 100 ರೂಪಾಯಿ ಇತ್ತು ಅಂದುಕೊಳ್ಳಿ. 50 ಬಡವರಿಗೆ ಹೋಯಿತು. ಉಳಿದ 50ರಲ್ಲಿ ನಾಲ್ಕರಷ್ಟು ತೀರಿಸಬೇಕಾದರೆ ಮೋಸದ ಹಣ 12.50 ರೂಪಾಯಿ ದಾಟಬಾರದು. ದಾಟಿದರೆ ದಿವಾಳಿ. ಸುಂಕದವರ ಮುಖ್ಯಸ್ಥನ ಗಂಟಿನಲ್ಲಿ ಎಂಟನೇ ಒಂದು ಪಾಲಷ್ಟೇ ಮೋಸದ್ದಾಗಿತ್ತಾ? ನನಗಂತೂ ನಂಬೋದು ಕಷ್ಟ.

ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು ಅಂದರು ಯೇಸು. ‘ಈ ಹೊತ್ತು’ ಅನ್ನೋದನ್ನು ಗಮನಿಸಿ. ನಿತ್ಯಜೀವ ಕೇಳಿದವನು ದುಃಖದಲ್ಲಿ ಉಳಿದ, ಅದನ್ನು ಕೇಳದೇ ಮರ ಹತ್ತಿದವನ ಮನೆಗೆ ಅದು ಊಟದ ಹೊತ್ತಿಗೇ ಬಂತು. ಯೇಸು ಅಲ್ಲಿಂದ ಜೆರೂಸಲೇಮಿಗೆ, ಶಿಲುಬೆಯ ಕಡೆಗೆ ನಡೆದುಬಿಟ್ಟರು. ಜೆರಿಕೋಗೆ ಮತ್ತೆ ಬಂದ ಕಥೆ ಸುವಾರ್ತೆಗಳಲ್ಲಿಲ್ಲ. ಮರುದಿನ ಬೆಳಿಗ್ಗೆ ಜಕ್ಕಾಯನ ಬಾಗಿಲಲ್ಲಿ ಲೆಕ್ಕ ಹಿಡಕೊಂಡು ಎಷ್ಟು ಜನ ನಿಂತಿದ್ದರು, ದುಡ್ಡು ಸಾಲಿತಾ, ಅವನ ಹೆಂಡತಿ ಏನಂದಳು ಅಂತ ಲೂಕ ಬರೆದಿಲ್ಲ.