ಮಾಜ್ದಾ ಆರ್‌ಎಕ್ಸ್-8 ಎಂಜಿನ್ನಿನ ಪುನರ್ನಿರ್ಮಾಣ ಮತ್ತು ಬದಲಾವಣೆ

ಮಾಜ್ದಾ ಆರ್‌ಎಕ್ಸ್-8 ಎಂಬುದು ಜಪಾನಿನ ಮಾಜ್ದಾ ಕಂಪನಿಯು 2003ರಿಂದ 2012ರವರೆಗೆ ತಯಾರಿಸಿದ ಸ್ಪೋರ್ಟ್ಸ್ ಕಾರು. ಮೇಲೆ ಕೆಳಗೆ ಚಲಿಸುವ ಪಿಸ್ಟನ್‌ಗಳ ಬದಲು ತಿರುಗುವ ರೋಟರ್‌ಗಳುಳ್ಳ 'ರೆನೆಸಿಸ್' ಹೆಸರಿನ ವಾಂಕೆಲ್ ಎಂಜಿನ್ ಇದರಲ್ಲಿದೆ. ಬಳಸಿದ ಆರ್‌ಎಕ್ಸ್-8 ಕಾರುಗಳಲ್ಲಿ ಎಂಜಿನ್ನಿನ ಕಂಪ್ರೆಷನ್ ಕುಸಿಯುವುದು ಚಿರಪರಿಚಿತ ದೋಷ. ಆಗ ಎಂಜಿನ್ನನ್ನು ಬಿಚ್ಚಿ ಪುನರ್ನಿರ್ಮಿಸಬೇಕೆ ಅಥವಾ ಬೇರೊಂದನ್ನು ಅಳವಡಿಸಬೇಕೆ ಎಂಬ ಪ್ರಶ್ನೆ ಏಳುತ್ತದೆ. ಈ ಕೆಲಸದ ವೆಚ್ಚವು ಹಳೆಯ ಕಾರಿನ ಮಾರುಕಟ್ಟೆ ಬೆಲೆಯನ್ನು ಮೀರುವ ಸಾಧ್ಯತೆಯೂ ಇರುತ್ತದೆ.

ರಚನೆ

ರೆನೆಸಿಸ್ ಎಂಜಿನ್ನಿನ ತಾಂತ್ರಿಕ ಹೆಸರು 13ಬಿ-ಎಂಎಸ್‌ಪಿ. ತಲಾ 654 ಘನ ಸೆಂಟಿಮೀಟರ್ ಗಾತ್ರದ ಎರಡು ಘಟಕಗಳಲ್ಲಿ ತ್ರಿಕೋನಾಕಾರದ ಒಂದೊಂದು ರೋಟರ್ ತಿರುಗುತ್ತದೆ. ಪ್ರತಿ ರೋಟರ್‌ನ ಮೂರು ತುದಿಗಳಲ್ಲಿ ಅಪೆಕ್ಸ್ ಸೀಲ್‌ಗಳೂ ಪಕ್ಕಗಳಲ್ಲಿ ಸೈಡ್ ಸೀಲ್‌ಗಳೂ ಇರುತ್ತವೆ. ಪಿಸ್ಟನ್ ಎಂಜಿನ್ನಿನಲ್ಲಿ ರಿಂಗ್‌ಗಳು ಮಾಡುವಂತೆ ಇವು ಅನಿಲವು ಸೋರದಂತೆ ತಡೆಯುತ್ತವೆ. ಅಪೆಕ್ಸ್ ಸೀಲ್‌ಗಳು ರೋಟರ್ ಹೌಸಿಂಗ್‌ನ ಒಳಮೈಗೆ ಸದಾ ಉಜ್ಜುತ್ತಿರುವುದರಿಂದ, ಒಂದು ಪಂಪ್ ಸ್ವಲ್ಪ ಸ್ವಲ್ಪವೇ ಎಂಜಿನ್ ಆಯಿಲನ್ನು ಅಲ್ಲಿಗೆ ಪೂರೈಸುತ್ತದೆ. ಈ ಆಯಿಲ್ ಇಂಧನದೊಡನೆ ಉರಿದುಹೋಗುತ್ತದೆ. ಆದಕಾರಣ ಆಯಿಲ್ ಮಟ್ಟವನ್ನು ಆಗಾಗ ನೋಡಿ ತುಂಬಿಸುವುದು ಅನಿವಾರ್ಯ.

ಲಕ್ಷಣಗಳು ಮತ್ತು ಪರೀಕ್ಷೆ

ಬಿಸಿಯಾದ ಎಂಜಿನ್ ಮತ್ತೆ ಚಾಲೂ ಆಗಲು ತಡಮಾಡುವುದು ಕಂಪ್ರೆಷನ್ ಕುಸಿತದ ಪ್ರಮುಖ ಲಕ್ಷಣ. ಶಕ್ತಿ ಕುಗ್ಗುವುದು ಮತ್ತು ನಿಂತಲ್ಲಿ ಎಂಜಿನ್ ಅಸ್ಥಿರವಾಗಿ ಓಡುವುದು ಇತರ ಸೂಚನೆಗಳು. ಆದರೆ ಹಳೆಯ ಇಗ್ನಿಷನ್ ಕಾಯಿಲ್, ದುರ್ಬಲ ಬ್ಯಾಟರಿ ಅಥವಾ ನಿಧಾನವಾಗಿ ತಿರುಗುವ ಸ್ಟಾರ್ಟರ್ ಮೋಟರ್‌ನಿಂದಲೂ ಇಂಥ ತೊಂದರೆಗಳು ಉಂಟಾಗಬಹುದು. ಹೀಗಾಗಿ ಲಕ್ಷಣಗಳಿಂದಷ್ಟೇ ಎಂಜಿನ್ ಕೆಟ್ಟಿದೆಯೆಂದು ನಿರ್ಧರಿಸಲಾಗದು.

ಸಾಮಾನ್ಯ ಕಂಪ್ರೆಷನ್ ಮಾಪಕವು ಗರಿಷ್ಠ ಒತ್ತಡವನ್ನು ಮಾತ್ರ ಹಿಡಿದಿಡುತ್ತದೆ. ರೋಟರ್‌ನ ಮೂರು ಮುಖಗಳಲ್ಲಿ ಒಂದು ಸುಸ್ಥಿತಿಯಲ್ಲಿದ್ದರೂ ಉಳಿದೆರಡರ ದೋಷ ಅದರಲ್ಲಿ ಮರೆಯಾಗುತ್ತದೆ. ಆದ್ದರಿಂದ ಪ್ರತಿ ಮುಖದ ಒತ್ತಡವನ್ನು ಪ್ರತ್ಯೇಕವಾಗಿ ತೋರಿಸುವ ವಿಶೇಷ ಮಾಪಕ ಬೇಕಾಗುತ್ತದೆ. ನಿಮಿಷಕ್ಕೆ 250 ಸುತ್ತುಗಳ ವೇಗದಲ್ಲಿ 680 ಕಿಲೋಪಾಸ್ಕಲ್ ಕನಿಷ್ಠ ಮಿತಿಯಾಗಿದೆ. ಮುಖಗಳ ನಡುವೆ ಹೆಚ್ಚಿನ ವ್ಯತ್ಯಾಸವಿರುವುದೂ ದೋಷವೇ.

ಪುನರ್ನಿರ್ಮಾಣ

ಪುನರ್ನಿರ್ಮಾಣದಲ್ಲಿ ಎಂಜಿನ್ನನ್ನು ಪೂರ್ತಿಯಾಗಿ ಬಿಚ್ಚಿ, ಭಾಗಗಳನ್ನು ಅಳತೆಮಾಡಿ, ಸೀಲ್‌ಗಳು, ಸ್ಪ್ರಿಂಗ್‌ಗಳು ಮತ್ತು ಅಗತ್ಯವಿದ್ದಲ್ಲಿ ಬೇರಿಂಗ್‌ಗಳನ್ನು ಹೊಸದಾಗಿ ಜೋಡಿಸಲಾಗುತ್ತದೆ. ಪಿಸ್ಟನ್ ಎಂಜಿನ್ನಿನ ಸವೆದ ಸಿಲಿಂಡರನ್ನು ಕೊರೆದು ಹಿಗ್ಗಿಸಿ, ದೊಡ್ಡ ಪಿಸ್ಟನ್ ಹಾಕುವ ವಾಡಿಕೆಯಿದೆ. ರೋಟರ್ ಹೌಸಿಂಗ್‌ಗೆ ಈ ಉಪಾಯ ಸಲ್ಲದು. ಅದರ ಒಳಮೈ ವೃತ್ತಾಕಾರವಲ್ಲ ಮತ್ತು ಅದಕ್ಕೆ ಕ್ರೋಮಿಯಂ ಲೇಪನವಿರುತ್ತದೆ. ಲೇಪನ ಕಿತ್ತುಹೋಗಿದ್ದರೆ ಅಥವಾ ಮುರಿದ ಸೀಲ್ ಆಳವಾದ ಗೀರು ಮಾಡಿದ್ದರೆ ಸಾಮಾನ್ಯವಾಗಿ ಹೌಸಿಂಗನ್ನೇ ಬದಲಿಸಬೇಕಾಗುತ್ತದೆ. ಸೀಲ್‌ಗಳಷ್ಟೇ ಸವೆದಿದ್ದು ಹೌಸಿಂಗ್‌ಗಳು ಉತ್ತಮವಾಗಿದ್ದರೆ ಪುನರ್ನಿರ್ಮಾಣ ಲಾಭಕರ. ಹೌಸಿಂಗ್‌ಗಳೂ ಹಾಳಾಗಿದ್ದರೆ ವೆಚ್ಚ ಏರುತ್ತದೆ. ಎಂಜಿನ್ ಬಿಚ್ಚುವವರೆಗೆ ಈ ಸ್ಥಿತಿ ಪೂರ್ಣವಾಗಿ ತಿಳಿಯದ ಕಾರಣ ಆರಂಭದ ಅಂದಾಜು ಬದಲಾಗುವುದು ಸಹಜ. ವಾಂಕೆಲ್ ಎಂಜಿನ್ ಬಲ್ಲ ಮೆಕ್ಯಾನಿಕ್‌ಗಳು ವಿರಳವೆಂಬುದು ಇನ್ನೊಂದು ತೊಡಕು.

ಬದಲಾವಣೆ

ಬದಲಾವಣೆಗೆ ಮೂರು ಮಾರ್ಗಗಳಿವೆ. ಮೊದಲನೆಯದು ಈಗಾಗಲೇ ಪುನರ್ನಿರ್ಮಿಸಿದ ಎಂಜಿನ್ನನ್ನು ಖಾತರಿಯೊಂದಿಗೆ ಕೊಳ್ಳುವುದು. ಇದರಲ್ಲಿ ಕಾರು ನಿಲ್ಲುವ ಅವಧಿ ಕಡಿಮೆ. ಇಲ್ಲಿ ಹಳೆಯ ಎಂಜಿನ್ನನ್ನು ಮಾರಾಟಗಾರರಿಗೆ ಒಪ್ಪಿಸಬೇಕಾಗಬಹುದು. ಎರಡನೆಯದು ಗುಜರಿ ಕಾರಿನ ಎಂಜಿನ್. ಇದು ಅಗ್ಗವಾಗಿ ಕಂಡರೂ ಅದೇ ವಯಸ್ಸಿನ, ಅದೇ ಬಗೆಯ ಸವೆತವುಳ್ಳದ್ದಾಗಿರಬಹುದು. ಕಂಪ್ರೆಷನ್ ಪರೀಕ್ಷೆಯ ಅಂಕಿಗಳಿಲ್ಲದೆ ಕೊಂಡರೆ ಅಳವಡಿಕೆಯ ಕೂಲಿ ಎರಡು ಬಾರಿ ತೆರಬೇಕಾದೀತು. ಮೂರನೆಯದು ಪಿಸ್ಟನ್ ಎಂಜಿನ್ ಕೂರಿಸುವುದು. ಇದಕ್ಕೆ ಎಂಜಿನ್ ಆಧಾರಗಳು, ವೈರಿಂಗ್ ಮತ್ತು ತಂಪುಗೊಳಿಸುವ ವ್ಯವಸ್ಥೆಯನ್ನು ಮಾರ್ಪಡಿಸಬೇಕು. ಆಯಾ ದೇಶದ ನೋಂದಣಿ ಹಾಗೂ ಹೊಗೆ ನಿಯಮಗಳನ್ನೂ ಪಾಲಿಸಬೇಕು. ಕಾರಿನ ಮೂಲ ಸ್ವರೂಪವೂ ಬದಲಾಗುತ್ತದೆ.

ನಿರ್ಧಾರದ ಅಂಶಗಳು

ಮಾಜ್ದಾ ಉತ್ತರ ಅಮೆರಿಕದಲ್ಲಿ 2004–2008ರ ಮಾದರಿಗಳ ಎಂಜಿನ್ ಖಾತರಿಯನ್ನು 8 ವರ್ಷ ಅಥವಾ 1,00,000 ಮೈಲಿಗಳಿಗೆ ವಿಸ್ತರಿಸಿತ್ತು. ಆ ಅವಧಿ ಮುಗಿದಿರುವುದರಿಂದ ಈಗ ವೆಚ್ಚವೆಲ್ಲ ಮಾಲೀಕರದೇ. ಕಾರಿನ ಚೌಕಟ್ಟು ತುಕ್ಕು ಹಿಡಿಯದೆ ಗಟ್ಟಿಯಾಗಿದ್ದು, ಅದನ್ನು ಹಲವು ವರ್ಷ ಉಳಿಸಿಕೊಳ್ಳುವ ಉದ್ದೇಶವಿದ್ದರೆ ಮಾತ್ರ ಇಷ್ಟು ಹಣ ತೊಡಗಿಸುವುದು ಸಮಂಜಸ.

ಯಾವ ಮಾರ್ಗ ಹಿಡಿದರೂ ಹಿಂದಿನ ಎಂಜಿನ್ ಕೆಟ್ಟ ಕಾರಣವನ್ನು ಮೊದಲು ಸರಿಪಡಿಸಬೇಕು. ದುರ್ಬಲ ಇಗ್ನಿಷನ್ ಕಾಯಿಲ್‌ನಿಂದ ಉರಿಯದೆ ಉಳಿದ ಇಂಧನವು ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ. ಕನ್ವರ್ಟರ್ ಕಟ್ಟಿಕೊಂಡಾಗ ಎಂಜಿನ್ನಿನ ತಾಪ ಏರುತ್ತದೆ. ಕಾಯಿಲ್, ಕನ್ವರ್ಟರ್, ರೇಡಿಯೇಟರ್ ಮತ್ತು ಆಯಿಲ್ ಪೂರೈಕೆಯನ್ನು ಪರಿಶೀಲಿಸದೆ ಅಳವಡಿಸಿದ ಹೊಸ ಎಂಜಿನ್ ಸಹ ಹಳೆಯದರ ಹಾದಿಯನ್ನೇ ಹಿಡಿಯಬಹುದು.