ಎಕ್ಸರ್ ಗ್ರಾಮದ ವೀರಗಲ್ಲುಗಳು

ಇಂಗ್ಲೆಂಡಿನ ಹಳ್ಳಿಗಾಡನ್ನು ಸುತ್ತಿಬಂದವರು ಒಂದು ಸಂಗತಿಯನ್ನು ತಪ್ಪದೆ ಹೇಳುವರು. ಊರು ಸಣ್ಣದಾದರೂ ಅಲ್ಲಿಯ ಇಗರ್ಜಿಯ ಅಂಗಳದಲ್ಲಿ ಒಂದು ಕಲ್ಲಿನ ಶಿಲುಬೆ ಇರುವುದುಂಟು. ಅದರ ಮೇಲೆ 1914ರಿಂದ 1918ರ ವರೆಗೆ ನಡೆದ ಮಹಾಯುದ್ಧದಲ್ಲಿ ಮಡಿದ ಆ ಊರಿನ ಹುಡುಗರ ಹೆಸರುಗಳನ್ನು ಕೊರೆದಿರುತ್ತಾರೆ. ಸತ್ತವರ ದೇಹಗಳನ್ನು ಊರಿಗೆ ತರಲು ಆಗ ಸರಕಾರ ಬಿಡಲಿಲ್ಲ. ಆದ್ದರಿಂದ ಹೆತ್ತ ತಾಯಂದಿರಿಗೆ ಹೂವಿಡಲು ಆ ಕಲ್ಲೇ ಸಮಾಧಿಯಾಯಿತು.

ಇಂಥ ಕಲ್ಲುಗಳನ್ನು ನಮ್ಮ ಪೂರ್ವಿಕರು ಸಾವಿರ ವರ್ಷಕ್ಕೂ ಹಿಂದೆಯೇ ಗುಡಿಯ ಅಂಗಳದಲ್ಲಿ, ಕೆರೆಯ ದಂಡೆಯಲ್ಲಿ ನೆಟ್ಟಿದ್ದರಲ್ಲವೆ? ಅವೇ ನಮ್ಮ ವೀರಗಲ್ಲುಗಳು. ಅವನ್ನು ನೋಡಲು ಕರ್ನಾಟಕಕ್ಕೇ ಹೋಗಬೇಕೆಂದಿಲ್ಲ. ಮುಂಬಯಿಯಲ್ಲೇ ಇವೆ ಎಂದು ತಿಳಿದಾಗ ನಮಗೆ ಸುಮ್ಮನಿರಲಾಗಲಿಲ್ಲ.

ಒಂದು ಭಾನುವಾರ ಕಾಮೋಠೆಯ ನಾವು ನಾಲ್ಕು ಮನೆಯವರು ಬುತ್ತಿ ಕಟ್ಟಿಕೊಂಡು ಮಾನಸರೋವರ ನಿಲ್ದಾಣದಲ್ಲಿ ಗಾಡಿ ಹತ್ತಿದೆವು. ಕುರ್ಲಾದಲ್ಲೊಮ್ಮೆ, ದಾದರಿನಲ್ಲೊಮ್ಮೆ ಗಾಡಿ ಬದಲಿಸಿ ಬೋರಿವಲಿ ಸೇರಿದೆವು. ಊರಿನ ಪಶ್ಚಿಮಕ್ಕೆ ಎಕ್ಸರ್. ಹಿಂದೆ ಹಳ್ಳಿಯಾಗಿದ್ದ ಈ ಸ್ಥಳವನ್ನು ಈಗ ಎತ್ತರದ ಕಟ್ಟಡಗಳು ಸುತ್ತುವರಿದಿವೆ. ಅದರ ಹೆಸರಿನದೇ ಒಂದು ಮೆಟ್ರೋ ನಿಲ್ದಾಣವೂ ಆಗಿದೆ. 1882ರ ಥಾಣಾ ಗೆಜೆಟಿಯರಿನಲ್ಲಿ ಇಲ್ಲಿಯ ಆರು ಕಲ್ಲುಗಳ ವರ್ಣನೆಯಿದೆ. ಅವುಗಳಲ್ಲಿ ಕೆಲವು ಸುಮಾರು 10 ಅಡಿ ಎತ್ತರದವು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಅದರ ಮೇಲೆ, ಮಡಿದ ವೀರನನ್ನು ಅಪ್ಸರೆಯರು ಕರೆದೊಯ್ಯುವ ನೋಟ. ಎಲ್ಲಕ್ಕೂ ಮೇಲೆ ಅವನು ಶಿವಲಿಂಗದ ಸನ್ನಿಧಿಯಲ್ಲಿರುವನು. ನಮ್ಮ ಕಡೆಯ ಕಲ್ಲುಗಳಲ್ಲಿ ಕಾಳಗವೆಂದರೆ ಸಾಮಾನ್ಯವಾಗಿ ಕುದುರೆ, ಬಿಲ್ಲು, ಕತ್ತಿ, ಪಕ್ಕದಲ್ಲಿ ದನಗಳ ಹಿಂಡು. ಎಕ್ಸರಿನ ವಿಶೇಷವೆಂದರೆ ಇಲ್ಲಿ ಹಡಗುಗಳಿವೆ. ಸಾಲುಸಾಲಾಗಿ ಹುಟ್ಟುಹಾಕುತ್ತ ಬರುವ ಹಡಗುಗಳು, ಅವುಗಳ ಮೇಲೆ ಬಿಲ್ಲುಗಾರರು, ಗಾಯಗೊಂಡು ನೀರಿಗೆ ಬೀಳುವ ಜನ. ಸಮುದ್ರದ ಯುದ್ಧವನ್ನು ಹೀಗೆ ತೋರಿಸುವ ವೀರಗಲ್ಲುಗಳು ಬಹಳ ಅಪರೂಪ.

ಇದು ಯಾವ ಯುದ್ಧ? ಕೆಲವು ವಿದ್ವಾಂಸರು ಇದನ್ನು ಸುಮಾರು 1265ರ ಕದನವೆನ್ನುವರು. ಆಗ ಉತ್ತರ ಕೊಂಕಣವನ್ನು ಆಳುತ್ತಿದ್ದವರು ಶಿಲಾಹಾರರು. ಅವರ ರಾಜಧಾನಿ ಶ್ರೀಸ್ಥಾನಕ, ಅಂದರೆ ನಮ್ಮಲ್ಲಿ ಎಷ್ಟೋ ಜನ ಸಂಸಾರ ಹೂಡಿರುವ ಇಂದಿನ ಥಾಣೆಯೇ. ದೇವಗಿರಿಯ ಯಾದವ ರಾಜ ಮಹಾದೇವನು ದಂಡೆತ್ತಿ ಬಂದಾಗ ಶಿಲಾಹಾರ ಸೋಮೇಶ್ವರನು ಹಡಗು ಹತ್ತಿ ಕಡಲಿನಲ್ಲಿ ಮಡಿದನು. ಮಹಾದೇವನ ಕೋಪಾಗ್ನಿಗಿಂತ ಸಮುದ್ರದ ಬಡಬಾಗ್ನಿಯೇ ಲೇಸೆಂದು ಸೋಮೇಶ್ವರನು ಎಣಿಸಿದನೆಂಬ ಅರ್ಥದಲ್ಲಿ ಯಾದವರ ಮಂತ್ರಿ ಹೇಮಾದ್ರಿ ಬರೆದಿರುವನು. ಈ ಕಲ್ಲುಗಳು ಇನ್ನೂ ಹಳೆಯವು, 11-12ನೆಯ ಶತಮಾನದವು ಎನ್ನುವ ಪಂಡಿತರೂ ಇದ್ದಾರೆ.

ಯಾವ ಕಾಲದವೇ ಆಗಲಿ, ಒಂದು ಮಾತು ನಿಜ. ಸೋತ ರಾಜನಿಗೂ ಶತ್ರುವಿನ ಕಾವ್ಯದಲ್ಲೊಂದು ಸ್ಥಳ ಸಿಕ್ಕಿತು; ಹುಟ್ಟುಹಾಕಿದವನಿಗೆ, ಬಿಲ್ಲು ಹಿಡಿದವನಿಗೆ ಈ ಕಲ್ಲಲ್ಲದೆ ಬೇರೆ ಏನಿದೆ?

ಮರಾಠಿಯಲ್ಲಿ ಇಂಥ ಕಲ್ಲಿಗೆ 'ವೀರಗಳ' ಎನ್ನುವರು. ಅದು ನಮ್ಮ 'ವೀರಗಲ್' ಎಂಬ ಮಾತೇ. ಶಿಲಾಹಾರರ ಬಿರುದುಗಳಲ್ಲಿಯೂ ಕನ್ನಡದ ಶಬ್ದಗಳು ಸಿಗುವವು. ಹೊಟ್ಟೆಪಾಡಿಗಾಗಿ ನಾವು ಇಲ್ಲಿಗೆ ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ನಮ್ಮ ಮಾತು ಇಲ್ಲಿಗೆ ಬಂದು, ನೆರೆಯವರ ಮಾತಿನೊಡನೆ ಬೆರೆತು, ಅವರ ಮನೆಯದೇ ಆಗಿಬಿಟ್ಟಿದೆ!

ನಮ್ಮೊಡನೆ ಬಂದಿದ್ದ ಏಳು ವರ್ಷದ ಹುಡುಗನೊಬ್ಬ ಕೇಳಿದ: "ಅಜ್ಜಾ, ಇವರ ಹೆಸರೇನು?"

"ಹೆಸರು ಅಳಿಸಿ ಹೋಗ್ಯಾವಪ್ಪಾ."

"ನಮ್ಮೂರಾಗೂ ಇಂಥ ಕಲ್ಲು ಅದಾವೇನು?"

ವಿಜಯಪುರದ ಕಡೆಯವರಾದ ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಹೇಳಿದರು: "ಒಂದೈತಿ. ಹನುಮಪ್ಪನ ಗುಡಿ ಮುಂದ ಅಡ್ಡ ಬಿದ್ದೈತಿ. ಸಣ್ಣವರಿದ್ದಾಗ ಅದರ ಮ್ಯಾಲೆ ಕುಡಗೋಲು ಮಸೀತಿದ್ವಿ. ಅದರಾಗ ಅಕ್ಷರ ಇದ್ದವು. ಯಾರೂ ಓದಲಿಲ್ಲ."

ನಾವಾರೂ ಮಾತಾಡಲಿಲ್ಲ. ನಮ್ಮ ನಮ್ಮ ಊರಿನ ಕಲ್ಲು ಎಲ್ಲರ ಕಣ್ಣ ಮುಂದೆಯೂ ಬಂದಿರಬೇಕು.

ಕನ್ನಡ ನಾಡಿನಲ್ಲಿ ಇಂಥ ಕಲ್ಲುಗಳು ಸಾವಿರಾರು ಇವೆ. ಅವು ಬರಿಯ ದೊರೆಗಳ ಕಥೆ ಹೇಳುವುದಿಲ್ಲ. ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಲು ಹೋಗಿ ಸತ್ತವನಿಗೆ 'ತುರುಗೋಳಿ'ನ ಕಲ್ಲು. ಹೆಂಗಸರ ಮಾನ ಕಾಯಲು ಹೋರಾಡಿ ಮಡಿದವನಿಗೆ 'ಪೆಣ್ಬುಯ್ಯಲಿ'ನ ಕಲ್ಲು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ 949-50ರ ಹೊತ್ತಿಗೆ ನೆಟ್ಟ ಕಲ್ಲು ಒಂದು ನಾಯಿಯದು! ಗಂಗರ ಬೂತುಗನ ಸೇವಕ ಮಣಲೇರನು ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ 'ಕಾಳಿ' ಎಂಬ ಬೇಟೆನಾಯಿಯನ್ನು ಬೇಡಿ ಪಡೆದಿದ್ದನು. ಅದು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಮಣಲೇರನು ಗುಡಿಯ ಮುಂದೆ ಕಲ್ಲು ನೆಡಿಸಿ, ಭೂಮಿಯನ್ನು ದತ್ತಿ ಬಿಟ್ಟನು. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಂಡರೆ ಅವನಿಗೆ ಪಾಪ ತಟ್ಟುವುದೆಂದೂ ಬರೆಯಿಸಿದನು. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಈ ಕಟ್ಟಳೆಯಲ್ಲಿ ಎಂಥ ವಿವೇಕವಿದೆ ನೋಡಿರಿ! ಕಲ್ಲು ತನ್ನಷ್ಟಕ್ಕೆ ತಾನೇ ಯಾರನ್ನೂ ನೆನೆಯುವುದಿಲ್ಲ. ದಿನವೂ ನೆನೆಯುವ ಒಬ್ಬನನ್ನು ಅದರ ಬಳಿ ನೇಮಿಸಬೇಕು. ನಮ್ಮ ಊರುಗಳಲ್ಲಿ ಆ ಒಬ್ಬನು ಯಾರು? ನಮ್ಮಲ್ಲಿ ಎಷ್ಟೋ ಜನ ಊರು ಬಿಟ್ಟು ಬಂದಿದ್ದೇವೆ.

ಆದ್ದರಿಂದ ಓದುಗ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಬೇಸಿಗೆಯ ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಊರ ಕಲ್ಲಿನ ಹತ್ತಿರ ಹೋಗಿರಿ. ಬರಿಯ ನೀರಿನಿಂದ ತೊಳೆಯಿರಿ. ಕೆರೆಯಬೇಡಿರಿ, ಬಣ್ಣ ಬಳಿಯಬೇಡಿರಿ. ಬೆಳಗಿನ ಓರೆ ಬಿಸಿಲಿನಲ್ಲಿ ಸವೆದ ಅಕ್ಷರಗಳೂ ಎದ್ದು ಕಾಣುವವು. ಆಗ ಒಂದು ಚಿತ್ರ ತೆಗೆದುಕೊಳ್ಳಿರಿ. ಊರಿನ ಹಿರಿಯರು ಏನು ಹೇಳುವರೋ ಅದನ್ನು ಬರೆದಿಡಿರಿ.

ಮರಳಿ ಬರುವಾಗ ಗಾಡಿಯಲ್ಲಿ ಆ ಹಿರಿಯರು ಊರಿನಲ್ಲಿರುವ ತಮ್ಮನಿಗೆ ಫೋನು ಮಾಡಿದರು. ಗದ್ದಲದಲ್ಲಿ ನಮಗೆ ಕೇಳಿಸಿದ್ದು ಇಷ್ಟೇ: "ನಾಕು ಮಂದಿ ಕೂಡಿ ಆ ಕಲ್ಲು ಎತ್ತಿ ನಿಲ್ಲಸ್ರಿ. ಕುಡಗೋಲು ಮಸಿಯಾಕ ಬ್ಯಾರೆ ಕಲ್ಲು ಹುಡಕ್ರಿ."